ಮೌನದ ದರ

ಮಾತು ಬೆಳ್ಳಿ, ಮೌನ ಬಂಗಾರ ಎಂದು ಗಾದೆ ಕಟ್ಟಿದ ಹಿರಿಯರು ಎಸ್.ಟಿ.ಡಿ. ಬೂತಿನೊಳಗೆ ನಿಂತವರಲ್ಲ. ಅಲ್ಲಿ ಎರಡಕ್ಕೂ ಒಂದೇ ಬೆಲೆ. ನೀವು ಪಟಪಟನೆ ಮಾತಾಡಿದರೂ ಸರಿ, ಏನು ಹೇಳಬೇಕೆಂದು ತೋಚದೆ ಗೋಡೆ ನೋಡುತ್ತ ನಿಂತರೂ ಸರಿ, ಎದುರಿಗಿದ್ದ ಪೆಟ್ಟಿಗೆಯಲ್ಲಿ ಕೆಂಪು ಅಂಕಿಗಳು ತಮ್ಮ ಪಾಡಿಗೆ ತಾವು ಏರುತ್ತಿದ್ದವು. ಆ ಅಂಕಿಗಳನ್ನು ನೋಡುತ್ತ ತಾಯಿಯೊಡನೆ ಮಾತಾಡುವುದು ಹೇಗೆ ಎಂಬ ವಿದ್ಯೆಯನ್ನು ನಮ್ಮ ತಲೆಮಾರಿನವರು ಚೆನ್ನಾಗಿ ಕಲಿತಿದ್ದೆವು. ಈಗ ಅದು ಯಾವ ಉಪಯೋಗಕ್ಕೂ ಬಾರದ ವಿದ್ಯೆ.

ನಮ್ಮೂರು ಬುಕ್ಕಾಪಟ್ಟಣ, ಶಿರಾ ತಾಲ್ಲೂಕಿನ ಒಂದು ಹೋಬಳಿ. ಮಳೆ ಕಡಿಮೆ, ಕುರುಚಲು ಕಾಡು ಜಾಸ್ತಿ. ಆ ಕಾಡಿನಲ್ಲಿ ಚಿಂಕಾರವೆಂಬ ಸಣ್ಣ ಜಿಂಕೆಯಿದೆಯೆಂದು ಸರ್ಕಾರ 2019ರಲ್ಲಿ ಅದನ್ನು ವನ್ಯಜೀವಿಧಾಮವೆಂದು ಸಾರಿತು; ಊರಿನ ಹೆಸರು ಪತ್ರಿಕೆಯಲ್ಲಿ ಬಂದದ್ದಕ್ಕೆ ಮನುಷ್ಯರಾದ ನಾವು ಆ ಜಿಂಕೆಗೆ ಋಣಿಗಳು. ನಾನು ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದಾಗ ನಮ್ಮ ಮನೆಯಲ್ಲಿ ಫೋನಿರಲಿಲ್ಲ. ಬೀದಿಯ ಕೊನೆಯ ಅಂಗಡಿಗೆ ಫೋನು ಮಾಡಿ, ಅಮ್ಮನನ್ನು ಕರೆಸಿ ಎಂದು ಹೇಳಿ ಇಟ್ಟುಬಿಡಬೇಕು. ಹತ್ತು ನಿಮಿಷ ಬಿಟ್ಟು ಮತ್ತೆ ಮಾಡಬೇಕು. ಅಷ್ಟರಲ್ಲಿ ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಓಡಿ ಬಂದು ಏದುಸಿರು ಬಿಡುತ್ತ ನಿಂತಿರುತ್ತಿದ್ದರು. ಮೊದಲ ಅರ್ಧ ನಿಮಿಷ ಆ ಏದುಸಿರಿಗೇ ದುಡ್ಡು ಕೊಡಬೇಕು. ರಾತ್ರಿ ಹೊತ್ತು ಮೀರಿದ ಮೇಲೆ ಕಾಲು ದರ ಇತ್ತೆಂಬುದೇನೋ ನಿಜ. ಆದರೆ ಆ ಹೊತ್ತಿಗೆ ಅಂಗಡಿ ಬಾಗಿಲು ಹಾಕಿ, ಅಂಗಡಿಯವರು ಒಂದು ನಿದ್ದೆ ಮುಗಿಸಿರುತ್ತಿದ್ದರು.

ಹಳ್ಳಿಯ ಅಂಗಡಿಗೆ ಅಷ್ಟಾದರೂ ಫೋನು ಬಂದದ್ದರ ಹಿಂದೆ ಒಂದು ದೊಡ್ಡ ಕಥೆಯಿದೆ. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆಯವರು ತಂಪುಯಂತ್ರದ ಹಂಗಿಲ್ಲದೆ, ನಮ್ಮ ಬಿಸಿಲಿಗೂ ಧೂಳಿಗೂ ಜಗ್ಗದೆ ನಡೆಯುವ ಸಣ್ಣ ಎಕ್ಸ್‌ಚೇಂಜನ್ನು ತಯಾರಿಸಿದರು. ಅಂಥದನ್ನು ಮೊದಲು ಕೂರಿಸಿದ್ದು 1986ರಲ್ಲಿ, ನಮ್ಮ ಕಿತ್ತೂರಿನಲ್ಲಿ. ಚೆನ್ನಮ್ಮನ ಊರು ಎಂದಷ್ಟೇ ಪಾಠ ಹೇಳುವ ನಾವು ಇದನ್ನೂ ಒಂದು ಮಾತು ಸೇರಿಸಿ ಹೇಳಬಹುದು.

ಹಳೆಯ ಟೆಲಿಫೋನು ಯಾಕೆ ಅಷ್ಟು ದುಬಾರಿ? ಇಬ್ಬರು ಮಾತಾಡುವಷ್ಟು ಹೊತ್ತೂ ಅವರಿಬ್ಬರ ನಡುವೆ ಒಂದು ದಾರಿಯನ್ನು ಅವರಿಗಾಗಿಯೇ ಕಾದಿರಿಸಬೇಕಿತ್ತು. ದಿಬ್ಬಣಕ್ಕೆ ಬಸ್ಸು ಗೊತ್ತು ಮಾಡಿದಂತೆ: ಕೂತವರು ಇಬ್ಬರೇ ಆದರೂ ಬಾಡಿಗೆ ಇಡೀ ಬಸ್ಸಿನದು. ದೂರ ಹೆಚ್ಚಿದಷ್ಟೂ ಬಾಡಿಗೆ ಹೆಚ್ಚು. ಇಂಟರ್ನೆಟ್ಟಿನ ರೀತಿ ಬೇರೆ. ಅದು ನಮ್ಮ ದನಿಯನ್ನು ಸೆಕೆಂಡಿಗೆ ಸುಮಾರು 50 ಚೂರು ಮಾಡಿ, ಒಂದೊಂದು ಚೂರಿಗೂ ವಿಳಾಸ ಬರೆದು, ಹೋಗುವ ಬಸ್ಸಿನಲ್ಲಿ ಸಿಕ್ಕ ಸೀಟಿನಲ್ಲಿ ಕೂರಿಸಿ ಕಳಿಸುತ್ತದೆ. ಆಚೆ ತುದಿಯಲ್ಲಿ ಅವನ್ನು ಸಾಲಾಗಿ ಜೋಡಿಸಿಕೊಳ್ಳುತ್ತಾರೆ. ತಡವಾಗಿ ಬಂದ ಚೂರಿಗೆ ಮರ್ಯಾದೆಯಿಲ್ಲ, ಎಸೆದುಬಿಡುತ್ತಾರೆ. ಮಾತಿನ ನಡುವೆ ಒಮ್ಮೊಮ್ಮೆ ಅಕ್ಷರಗಳು ನುಂಗಿಹೋಗುವುದು ಅದಕ್ಕೇ. ಇನ್ನು ಸುಮ್ಮನಿರುವವರ ಮನೆಯಿಂದ ಹೆಚ್ಚೇನೂ ಹೊರಡಬೇಕಾಗಿಯೇ ಇಲ್ಲ.

ಸರ್ಕಾರಕ್ಕೆ ಇದು ಬಹುಕಾಲ ರುಚಿಸಲಿಲ್ಲ. 1995ರ ಆಗಸ್ಟ್ 15ರಂದು ಇಂಟರ್ನೆಟ್ಟು ಸಾರ್ವಜನಿಕರ ಕೈಗೆ ಬಂತು. ಅದರ ಮೇಲೆ ಟೆಲಿಫೋನು ಮಾಡಲು ಅನುಮತಿ ಸಿಕ್ಕಿದ್ದು 2002ರ ಏಪ್ರಿಲ್ 1ಕ್ಕೆ, ಅದೂ ಅರ್ಧಂಬರ್ಧ. ಕಂಪ್ಯೂಟರಿನಿಂದ ಪರದೇಶದ ಫೋನಿಗೆ ಮಾತಾಡಬಹುದಿತ್ತು, ಪಕ್ಕದ ಬೀದಿಯ ಫೋನಿಗೆ ಮಾತಾಡುವಂತಿರಲಿಲ್ಲ! ನಗು ಬರುತ್ತದೆ. ಆದರೆ ಒಂದು ಮಾತು ಹೇಳಲೇಬೇಕು. ದೂರದ ಕರೆಗಳಿಂದ ಬಂದ ಹಣದಲ್ಲೇ ಊರೊಳಗಿನ ಅಗ್ಗದ ಕರೆಗಳೂ ಹಳ್ಳಿಯ ತಂತಿಗಳೂ ಬದುಕಿದ್ದವು. ಅಮೆರಿಕಕ್ಕೆ ನಿಮಿಷಕ್ಕೆ ಹತ್ತಾರು ರೂಪಾಯಿ ತೆತ್ತ ಬೆಂಗಳೂರಿನ ತಂದೆ, ತನಗೆ ಗೊತ್ತಿಲ್ಲದೆಯೇ ನಮ್ಮೂರ ಅಂಗಡಿಯ ಕಂಬಕ್ಕೂ ಒಂದಿಷ್ಟು ಕೊಟ್ಟಿದ್ದಾನೆ.

ಆಮೇಲಿನದು ಎಲ್ಲರಿಗೂ ಗೊತ್ತು. 2003ರಲ್ಲಿ ಸ್ಕೈಪ್ ಬಂತು. 2015ರಲ್ಲಿ ವಾಟ್ಸಾಪ್ ಬಾಯಿ ತೆರೆಯಿತು, ಮರುವರ್ಷ ಮುಖವನ್ನೂ ತೋರಿಸಿತು. ಅದೇ 2016ರ ಸೆಪ್ಟೆಂಬರಿನಲ್ಲಿ ಬಂದ ಜಿಯೋ, ಮಾತು ಬಿಟ್ಟಿ, ಡೇಟಾಕ್ಕೆ ಮಾತ್ರ ದುಡ್ಡು ಎಂದು ಸಾರಿತು. ಬಿಟ್ಟಿಯೆಂಬುದನ್ನು ನಾನು ಪೂರ್ತಿ ನಂಬುವವನಲ್ಲ. ಬರೀ ಮಾತಾಡುವ ಮುದುಕರೂ ಡೇಟಾ ಕೊಳ್ಳಬೇಕಾಗಿ ಬಂದು, ಕೊನೆಗೆ 2024ರ ಡಿಸೆಂಬರಿನಲ್ಲಿ ಟ್ರಾಯ್ ಸಂಸ್ಥೆಯೇ ಮಾತಿಗಷ್ಟೇ ಬೇರೆ ರೀಚಾರ್ಜು ಇಡಿರೆಂದು ಕಂಪನಿಗಳಿಗೆ ಕಟ್ಟಪ್ಪಣೆ ಮಾಡಬೇಕಾಯಿತು. ಸ್ಕೈಪ್ ಎಂಬ ಮಹರಾಯ 2025ರ ಮೇ ತಿಂಗಳಲ್ಲಿ ಅಂಗಡಿ ಮುಚ್ಚಿದ.

ನನ್ನ ತಮ್ಮ ದುಬೈಗೆ ಹೋದ. ಅವನು ಅಲ್ಲಿದ್ದಷ್ಟು ಕಾಲ ಈ ಬಿಟ್ಟಿ ಮಾತು ಅವನ ಪಾಲಿಗಿರಲಿಲ್ಲ. ವಾಟ್ಸಾಪ್ ಕರೆಗೆ ಆ ದೇಶದಲ್ಲಿ ತಡೆ. ಅಲ್ಲಿನ ಸರ್ಕಾರ ಒಪ್ಪಿದ ಬೇರೊಂದು ಏರ್ಪಾಟಿಗೆ ತಿಂಗಳಿಗಿಷ್ಟೆಂದು ಕಟ್ಟಿ, ಶುಕ್ರವಾರ ಮಾತಾಡುತ್ತಿದ್ದ. ಮೂರು ವರ್ಷದ ಹಿಂದೆ ಕೆನಡಕ್ಕೆ ಹೋದ ಮೇಲೆ ಕಟ್ಟು ಬಿಚ್ಚಿತು. ಅವನಿಗೆ ಬೆಳಗಾದರೆ ಅಮ್ಮನಿಗೆ ಸಂಜೆ. ಅವನು ಅಡಿಗೆಮನೆಯಲ್ಲಿ ಫೋನನ್ನು ಡಬ್ಬಕ್ಕೆ ಒರಗಿಸಿ ಉಪ್ಪಿಟ್ಟು ಕೆದಕುತ್ತಾನೆ. ಅಮ್ಮ ಇಲ್ಲಿ ಫೋನನ್ನು ಚೊಂಬಿಗೆ ಒರಗಿಸಿ ಕಡಲೇಕಾಯಿ ಸುಲಿಯುತ್ತಾರೆ. ಮಾತು? ಹೆಚ್ಚೇನೂ ಇಲ್ಲ. ಒಮ್ಮೆ ನಾನು ಊರಿಗೆ ಹೋಗಿದ್ದಾಗ ಗಮನಿಸಿದೆ, ಹತ್ತು ನಿಮಿಷ ಇಬ್ಬರೂ ತುಟಿ ಬಿಚ್ಚಲಿಲ್ಲ. "ಕಟ್ಟಾಗಿದೆಯೇನಮ್ಮ?" ಎಂದೆ. "ಇಲ್ಲ ಕಣಪ್ಪ, ಇದ್ದಾನೆ" ಎಂದರು, ಸಿಪ್ಪೆಯಿಂದ ತಲೆಯೆತ್ತದೆ.

ಮಾತು ಅಗ್ಗವಾಗಿ ಬೆಲೆ ಕಳೆದುಕೊಂಡಿತು ಎಂದು ನಮ್ಮ ಸ್ಟಾಫ್ ರೂಮಿನಲ್ಲಿ ದಿನಕ್ಕೊಬ್ಬರು ಕೊರಗುತ್ತಾರೆ. ಅವರಿಗೆ ಈ ದೃಶ್ಯವನ್ನು ತೋರಿಸಬೇಕೆನ್ನಿಸುತ್ತದೆ. ಬೂತಿನಲ್ಲಿ ನಿಂತು "ಹುಷಾರಾಗಿದೀಯಾ, ದುಡ್ಡು ಬಂತಾ, ಇಡ್ಲಾ" ಎನ್ನುತ್ತಿದ್ದ ನಮ್ಮ ಮಾತಿನಲ್ಲಿ ಅಂಥ ಘನತೆ ಏನಿತ್ತು? ಅದು ತಂತಿಯ ಭಾಷೆ.

ಆದರೂ ನನ್ನ ಮನಸ್ಸಿನಲ್ಲಿ ಒಂದು ಅಳುಕು ಉಳಿದಿದೆ. ಕಳೆದ ಮಾಗಿಯಲ್ಲಿ ಒಂದು ರಾತ್ರಿ ಅಮ್ಮನಿಗೆ ಉಸಿರು ಕಟ್ಟಿದಂತಾಯಿತು. ಆಕೆ ಒತ್ತಿದ್ದು ತಮ್ಮನ ಚಿತ್ರವನ್ನು. ಅವನು ಕೆನಡದಿಂದ ತುಮಕೂರಿನಲ್ಲಿದ್ದ ನನ್ನನ್ನು ಎಬ್ಬಿಸಿದ. ನಾನು 108ಕ್ಕೆ ಫೋನು ಮಾಡಿದೆ. ಆಂಬ್ಯುಲೆನ್ಸು ಬಂತು, ಅಮ್ಮ ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು. ಬುಕ್ಕಾಪಟ್ಟಣದ ಒಂದು ಸಂಕಟ ತುಮಕೂರಿಗೆ ಬರಲು ಕಡಲು ದಾಟಿ ಬಂತು! ಆಕೆಗೆ ಗೊತ್ತಿರುವ ಆ ಹಸಿರು ಗುರುತಿನ ಆ್ಯಪಿನಿಂದ 108ಕ್ಕಾಗಲಿ 112ಕ್ಕಾಗಲಿ ಕರೆ ಹೋಗುವುದೇ ಇಲ್ಲ. ಫೋನೆಂದರೆ ಊರಿನ ಸ್ವತ್ತು, ಯಾರನ್ನಾದರೂ ಕರೆಯಬಹುದು ಎಂದಿದ್ದ ಕಾಲ ಹೋಗಿ, ಅದು ಬೇಕಾದವರ ನಾಲ್ಕು ಚಿತ್ರಗಳ ಮಟ್ಟಕ್ಕೆ ಬಂದು ನಿಂತಿದೆ. ಅಂಗಡಿಯ ಫೋನು ಕೂಗಿಕೊಂಡಾಗ ಬೀದಿಗೆ ಬೀದಿಯೇ ಕಿವಿ ನಿಮಿರಿಸುತ್ತಿತ್ತು, ಅದು ಬೇರೆ ಮಾತು.

ನಾನು ಕ್ಯಾಲೆಂಡರಿನ ಮೇಲೆ 108 ಎಂದು ಕೆಂಪು ಶಾಯಿಯಲ್ಲಿ ದಪ್ಪಗೆ ಬರೆದು, ಫೋನಿನಲ್ಲಿ ಒಂದು ಅಂಕಿ ಒತ್ತಿದರೆ ಸಾಕೆಂದು ಮೂರು ಸಲ ತೋರಿಸಿಕೊಟ್ಟೆ. ಅಮ್ಮ ಶ್ರದ್ಧೆಯಿಂದ ನೋಡಿದರು. ಆಮೇಲೆ ಕೇಳಿದರು:

"ಅವರು ಯಾರೋ ಏನೋ. ನಾನು ಸುಮ್ಮನಿದ್ದರೆ ಅವರಿಗೆ ತಿಳಿಯುತ್ತದೇನಪ್ಪ?"