ಹನ್ನೆರಡು ತಿಂಗಳ ಕೈ

ಲಾಲ್‌ಬಾಗಿಗೆ ಜನ ಕಿಕ್ಕಿರಿದು ಬರುವುದು ವರ್ಷಕ್ಕೆ ಎರಡು ಸಲ, ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ಫಲಪುಷ್ಪ ಪ್ರದರ್ಶನಗಳಿಗೆ. ಗಾಜಿನ ಮನೆಯ ಮುಂದೆ ಉದ್ದದ ಸಾಲು ನಿಲ್ಲುತ್ತದೆ. ಜನ ಚದುರಿದ ಮೇಲೆ ಒಂದಿಷ್ಟು ಉತ್ಸಾಹಿಗಳು ಚೀಲ ಹಿಡಿದು ಬಂದು ಬಿದ್ದ ಪ್ಲಾಸ್ಟಿಕ್ ಆಯುತ್ತಾರೆ. ಜೂನ್ 5ರ ಪರಿಸರ ದಿನ ಬಂತೆಂದರೆ ಊರೂರಿನ ಉದ್ಯಾನಗಳಲ್ಲಿ ಗುಂಡಿಗಳು ಸಿದ್ಧವಾಗುತ್ತವೆ, ಸಸಿಗಳು ಇಳಿಯುತ್ತವೆ, ಒಂದೊಂದು ಸಸಿಯ ಸುತ್ತ ಹತ್ತು ಜನ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಇದನ್ನೆಲ್ಲ ಹಗುರವಾಗಿ ಕಾಣುವ ಮನಸ್ಸು ನನಗಿಲ್ಲ. ರಜೆಯ ಬೆಳಗನ್ನು ಬಿಟ್ಟು ಬಂದವರು ಅವರು. ಆದರೂ ಸಾರ್ವಜನಿಕ ತೋಟವೊಂದಕ್ಕೆ ಸ್ವಯಂಸೇವಕರಿಂದ ಆಗಬೇಕಾದ್ದೇನು ಎಂದು ಯೋಚಿಸಿದಷ್ಟೂ ನನಗೆ ಒಂದು ಮಾತು ಗಟ್ಟಿಯಾಗುತ್ತ ಬಂದಿದೆ. ನೂರು ಜನ ಒಂದು ದಿನ ಬಂದು ಹೋಗುವುದಕ್ಕಿಂತ ಇಬ್ಬರು ವಾರಕ್ಕೊಮ್ಮೆ, ಮಳೆ ಚಳಿ ಬೇಸಿಗೆ ಎನ್ನದೆ, ವರ್ಷವಿಡೀ ಅದೇ ಮೂಲೆಗೆ ಬರುವುದು ತೋಟಕ್ಕೆ ಹೆಚ್ಚಿನ ಉಪಕಾರ. ತೋಟದ ಕೆಲಸ ಋತುಗಳಿಗೆ ಕಟ್ಟುಬಿದ್ದದ್ದು. ಒಂದೇ ಋತುವನ್ನು ಕಂಡವನಿಗೆ ಆ ಕೆಲಸದ ತಲೆಬುಡ ತಿಳಿಯುವುದಿಲ್ಲ.

ಮೊದಲು ಸಸಿಯ ಲೆಕ್ಕವನ್ನೇ ನೋಡೋಣ. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ ಸುಮಾರು 970 ಮಿಲಿಮೀಟರ್ ಮಳೆ ಬೀಳುತ್ತದೆ, ಅದರ ಬಹುಪಾಲು ಮೇ ತಿಂಗಳಿನಿಂದ ಅಕ್ಟೋಬರ್ ಒಳಗೆ. ಜೂನಿನಲ್ಲಿ ನೆಟ್ಟ ಸಸಿಗೆ ಮೊದಲ ನಾಲ್ಕೈದು ತಿಂಗಳು ಮನುಷ್ಯರ ಹಂಗು ಅಷ್ಟಾಗಿ ಇರುವುದಿಲ್ಲ. ಆರಿದ್ರೆ ಮಳೆಯೋ ಉತ್ತರೆ ಮಳೆಯೋ ಅದನ್ನು ನೋಡಿಕೊಳ್ಳುತ್ತದೆ. ಪರೀಕ್ಷೆ ಶುರುವಾಗುವುದು ಚಿತ್ತೆ, ಸ್ವಾತಿ ಮುಗಿದ ಮೇಲೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ನೆಲ ಒಣಗುತ್ತ ಹೋಗುತ್ತದೆ, ಎಳೆಯ ಬೇರು ಇನ್ನೂ ಕೆಳಗಿನ ತೇವವನ್ನು ಮುಟ್ಟಿರುವುದಿಲ್ಲ. ಆಗ ಬೇಕಾದ್ದು ಪಾತಿ ಸರಿಪಡಿಸುವವರು, ಬುಡಕ್ಕೆ ಒಣ ಎಲೆಯ ಹೊದಿಕೆ ಹಾಸುವವರು, ತಪ್ಪದೆ ನೀರು ಹೊತ್ತು ತರುವವರು. ಇದು ಒಂದು ಬೇಸಿಗೆಗೆ ಮುಗಿಯುವ ಮಾತೂ ಅಲ್ಲ, ಎರಡು ಮೂರು ಬೇಸಿಗೆ ಹೀಗೆ ದಾಟಿಸಬೇಕು. ಸಾಲುಮರದ ತಿಮ್ಮಕ್ಕನವರನ್ನು ನಾವು ಮರ ನೆಟ್ಟವರು ಎಂದು ಕೊಂಡಾಡುತ್ತೇವೆ. ಹುಲಿಕಲ್–ಕುದೂರು ರಸ್ತೆಯ ಆಲದ ಮರಗಳು ಉಳಿದದ್ದು ನೆಟ್ಟದ್ದರಿಂದ ಮಾತ್ರವಲ್ಲ. ಗಂಡ ಚಿಕ್ಕಯ್ಯನವರ ಜೊತೆ ಅವರು ಕೊಡಗಳಲ್ಲಿ ನೀರು ಹೊತ್ತದ್ದರಿಂದ, ದನಕರು ಬಾಯಿ ಹಾಕದಂತೆ ಮುಳ್ಳು ಕಟ್ಟಿದ್ದರಿಂದ, ಅದನ್ನು ವರ್ಷ ವರ್ಷ ಬಿಡದೆ ಮಾಡಿದ್ದರಿಂದ ಅವು ಉಳಿದವು. 2019ರಲ್ಲಿ ಪದ್ಮಶ್ರೀ ಬಂದಾಗ ನಾಡು ಗೌರವಿಸಿದ್ದು ಆ ಕೊಡಗಳ ನೀರನ್ನು ಎಂದೇ ನಾನು ತಿಳಿಯುತ್ತೇನೆ. ನಮ್ಮ ಉದ್ಯಾನಗಳ ಶ್ರಮದಾನ ಅವರ ಮೊದಲ ದಿನದ ಕೆಲಸವನ್ನು ಅನುಕರಿಸುತ್ತದೆ, ಆಮೇಲಿನ ದಿನಗಳದ್ದನ್ನು ಮರೆಯುತ್ತದೆ.

ಕಳೆಯ ವಿಷಯದಲ್ಲಿ ಈ ಮಾತು ಇನ್ನೂ ನಿಚ್ಚಳವಾಗುತ್ತದೆ. ಹೂಮಡಿಗಳಲ್ಲಿ ಜೇಕು ಎದ್ದಿದ್ದರೆ ಅದನ್ನು ಕಿತ್ತು ರಾಶಿ ಹಾಕಿದವರಿಗೆ ಬಹಳ ಕೆಲಸ ಮಾಡಿದ ಸಮಾಧಾನ ಸಿಗುತ್ತದೆ. ಕಿತ್ತದ್ದು ಬರೀ ಮೇಲಿನ ಹುಲ್ಲು. ಕೆಳಗೆ ಸರಪಳಿಯಂತೆ ಒಂದಕ್ಕೊಂದು ಹೆಣೆದ ಗೆಡ್ಡೆಗಳು ಹಾಗೆಯೇ ಇರುತ್ತವೆ, ಕೆಲವೇ ದಿನಗಳಲ್ಲಿ ಮತ್ತೆ ಚಿಗುರುತ್ತವೆ. ಗೆಡ್ಡೆಯಲ್ಲಿ ಕೂಡಿಟ್ಟ ಸತ್ವ ತೀರುವವರೆಗೆ ಮತ್ತೆ ಮತ್ತೆ ಅಗೆದು ತೆಗೆಯುವವರ ಕೈಯಲ್ಲಿ ಮಾತ್ರ ಅದು ಸೋಲುತ್ತದೆ. ಜನರ ಬಾಯಲ್ಲಿ ಕಾಂಗ್ರೆಸ್ ಗಿಡವಾದ ಪಾರ್ಥೇನಿಯಂಗೆ ಗಡುವು ಇನ್ನೂ ಬಿಗಿ. ಹೂ ಬಿಡುವ ಮುಂಚೆ, ನೆಲ ಹಸಿಯಿರುವಾಗ, ಬೇರುಸಮೇತ ಎಳೆದರೆ ಕೆಲಸ ಆಯಿತು. ಹೂ ಬಿಟ್ಟು ಬಲಿತ ಮೇಲೆ ಎಳೆದರೆ ಒಂದೊಂದು ಗಿಡ ಸಾವಿರಾರು ಬೀಜ ಉದುರಿಸಿ ಮುಂದಿನ ಮಳೆಗೆ ತಯಾರಾಗುತ್ತದೆ, ಎಳೆದವರ ಚರ್ಮಕ್ಕೂ ಉಸಿರಿಗೂ ತೊಂದರೆ ಕೊಡುತ್ತದೆ. ಅಂದರೆ ಅದೇ ಕೆಲಸ, ಅದೇ ಶ್ರಮ, ಹದಿನೈದು ದಿನ ತಡವಾದರೆ ತೋಟಕ್ಕೆ ನಷ್ಟ. ಅನುಕೂಲದ ಭಾನುವಾರವನ್ನು ಗುರುತಿಟ್ಟುಕೊಂಡು ಬರುವ ಗುಂಪಿಗೆ ಗಿಡದ ಗಡುವು ಹೊಂದುವುದು ಅಪರೂಪ.

ಇವೆಲ್ಲ ಕೈಯ ಕೆಲಸ. ವರ್ಷವಿಡೀ ಬರುವವರು ಕೊಡಬಲ್ಲ ಇನ್ನೂ ದೊಡ್ಡದೊಂದಿದೆ, ಅದು ಕಣ್ಣಿನ ಕೆಲಸ. 1908ರಲ್ಲಿ ಲಾಲ್‌ಬಾಗಿನ ಹೊಣೆ ಹೊತ್ತ ಜರ್ಮನಿಯ ಜಿ. ಎಚ್. ಕ್ರುಂಬಿಗಲ್ ಅವರು ಬೆಂಗಳೂರಿನ ಮರಗಳನ್ನು ಆರಿಸುವಾಗ ಒಂದು ಮುಗಿಯುತ್ತಿದ್ದಂತೆ ಇನ್ನೊಂದು ಅರಳುವಂತೆ, ವರ್ಷದ ಯಾವ ತಿಂಗಳೂ ಬರಿದಾಗದಂತೆ ಯೋಚಿಸಿದರು. ಅದರ ಫಲವನ್ನು ಊರು ಇಂದಿಗೂ ಉಣ್ಣುತ್ತಿದೆ: ಚಳಿಗಾಲದ ತಿಳಿಗುಲಾಬಿ ಟಬೆಬುಯಾ, ಶಿವರಾತ್ರಿಯ ಆಚೀಚೆ ಹಳದಿ ಟಬೆಬುಯಾ, ನೇರಳೆ ಜಕರಂಡ, ಯುಗಾದಿಗೆ ಹೊಂಗೆಯ ಹೊಸ ಚಿಗುರು, ಏಪ್ರಿಲ್ ಮೇ ತಿಂಗಳ ಗುಲ್‌ಮೊಹರ್, ಮಳೆ ಹಿಡಿಯುವ ಮೊದಲು ಹೊಳೆದಾಸವಾಳ, ಮಳೆ ಬಿಡುವ ಹೊತ್ತಿಗೆ ಆಕಾಶಮಲ್ಲಿಗೆ. ಹೂವಿನ ಈ ಪಂಚಾಂಗವನ್ನು ಒಬ್ಬರು ಎಣಿಸಿ ಕಟ್ಟಿದರು. ಅದು ಈಗಲೂ ಅದೇ ತಿಥಿಗಳಲ್ಲಿ ನಡೆಯುತ್ತಿದೆಯೇ, ಯಾವ ಮರ ಹಿಂದಾಯಿತು, ಯಾವುದು ಮುಂದಾಯಿತು? ಹೂ ಈ ಸಲ ಬೇಗ ಬಂತು ಎಂದು ನಾವೆಲ್ಲ ಸುಲಭವಾಗಿ ಹೇಳಿಬಿಡುತ್ತೇವೆ. ಆ ಮಾತಿಗೆ ತೂಕ ಬರಬೇಕಾದರೆ ಅದೇ ಮರದ ಮುಂದೆ ವಾರವಾರ ನಿಂತು, ಮೊಗ್ಗು, ಅರಳಿದ ಹೂ, ಎಳೆಗಾಯಿ, ಉದುರುವ ಎಲೆ ಎಲ್ಲವನ್ನೂ ತಾರೀಖಿನ ಜೊತೆ ಬರೆದಿಟ್ಟವರಿರಬೇಕು. ಜಪಾನಿನ ಕ್ಯೋಟೊದಲ್ಲಿ ಚೆರ್ರಿ ಹೂ ಅರಳಿದ ದಿನಗಳ ದಾಖಲೆ ಒಂಬತ್ತನೆಯ ಶತಮಾನದಿಂದ ಸಿಗುತ್ತದೆ. ಬರೆದವರಲ್ಲಿ ವಿಜ್ಞಾನಿಗಳಿರಲಿಲ್ಲ, ಅರಮನೆಯವರೂ ಸನ್ಯಾಸಿಗಳೂ ತಮ್ಮ ದಿನಚರಿಯಲ್ಲಿ ಹೂವಿನ ಉತ್ಸವವನ್ನು ಗುರುತು ಹಾಕಿಕೊಂಡಿದ್ದರು ಅಷ್ಟೇ. 2021ರಲ್ಲಿ ಮಾರ್ಚ್ 26ಕ್ಕೇ ಹೂ ಪೂರ್ತಿ ಅರಳಿದಾಗ, ಸಾವಿರದ ಇನ್ನೂರು ವರ್ಷಗಳಲ್ಲಿ ಇಷ್ಟು ಬೇಗ ಅರಳಿದ್ದಿಲ್ಲ ಎಂದು ಹೇಳಲು ಸಾಧ್ಯವಾದದ್ದು ಆ ದಿನಚರಿಗಳಿಂದ. ಇಂಗ್ಲೆಂಡಿನ ನಾರ್ಫಕ್‌ನಲ್ಲಿ ರಾಬರ್ಟ್ ಮಾರ್ಷಮ್ ಎಂಬ ಜಮೀನ್ದಾರ 1736ರಲ್ಲಿ ವಸಂತದ ಮೊದಲ ಹೂ, ಮೊದಲ ಎಲೆ, ಮೊದಲ ಹಕ್ಕಿದನಿಗಳನ್ನು ಬರೆಯಲು ತೊಡಗಿದರು. ನಡುವೆ ಕೆಲವು ವರ್ಷ ತಪ್ಪಿದರೂ ಅವರ ಮನೆತನದವರು 1958ರವರೆಗೆ ಅದನ್ನು ನಡೆಸಿದರು. ಇಂದು ಹವಾಮಾನದ ಬದಲಾವಣೆಯನ್ನು ಓದುವವರು ಆ ಪುಸ್ತಕಗಳ ಕಡೆ ತಿರುಗುತ್ತಾರೆ. ನಮ್ಮಲ್ಲಿಯೂ ಸೀಸನ್‌ವಾಚ್ ಎಂಬ ಯೋಜನೆ ಶಾಲೆಯ ಮಕ್ಕಳಿಂದ ಹಿಡಿದು ಯಾರು ಬೇಕಾದರೂ ಒಂದು ಮರವನ್ನು ಆರಿಸಿಕೊಂಡು ವಾರಕ್ಕೊಮ್ಮೆ ಗಮನಿಸಿ ಬರೆಯುವ ದಾರಿ ತೆರೆದಿದೆ. ಈ ಕೆಲಸಕ್ಕೆ ಬೇಕಾದ ಗುಣ ನಿಯಮಿತತೆ, ಅದು ಸಂಬಳ ಕೊಟ್ಟರೂ ಸುಲಭವಾಗಿ ಸಿಗುವಂಥದ್ದಲ್ಲ.

ಇಲ್ಲಿ ನ್ಯಾಯವಾದ ಆಕ್ಷೇಪವೊಂದು ಏಳುತ್ತದೆ. ತೋಟದಲ್ಲಿ ಮಾಲಿಗಳಿದ್ದಾರೆ. ಕಳೆ ತೆಗೆಯುವುದು, ನೀರು ಕಟ್ಟುವುದು, ಸವರುವುದು ಅವರ ಅನ್ನದ ಕೆಲಸ. ಬಿಟ್ಟಿ ಕೈಗಳು ಬಂದು ತುಂಬಿಕೊಂಡರೆ ನಾಳೆ ಖಾಲಿಯಾದ ಹುದ್ದೆಯನ್ನು ತುಂಬುವ ಗರಜೇ ಇಲ್ಲ ಎಂದು ಮೇಲಿನವರಿಗೆ ಅನ್ನಿಸಬಹುದು. ಈ ಭಯ ಹುಸಿಯಲ್ಲ, ಸ್ವಯಂಸೇವೆಯ ಹೆಸರಿನಲ್ಲಿ ಹಾಗೆ ಆಗುವುದಾದರೆ ಅದನ್ನು ಮೊದಲು ವಿರೋಧಿಸಬೇಕಾದವರು ಸ್ವಯಂಸೇವಕರೇ. ಆದರೆ ಉತ್ತರ ಕೂಡ ಋತುವಿನಲ್ಲಿಯೇ ಇದೆ. ಒಂದು ದಿನಕ್ಕೆ ಬಂದ ಗುಂಪು ಮಾಲಿಗೆ ಹೊರೆ: ಗುದ್ದಲಿ ಹಂಚಬೇಕು, ಗಿಡ ಯಾವುದು ಕಳೆ ಯಾವುದು ಎಂದು ತೋರಿಸಬೇಕು, ಅವರು ಹೋದ ಮೇಲೆ ತುಳಿದದ್ದನ್ನು ಸರಿಪಡಿಸಬೇಕು. ವರ್ಷವಿಡೀ ಬರುವವರು ಅವರ ಶಿಷ್ಯರಾಗುತ್ತಾರೆ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ 1970ರ ದಶಕದಲ್ಲಿ ಹಾಳುಬಿದ್ದಿತ್ತು. 1980ರಲ್ಲಿ ಅದನ್ನು ಎತ್ತಿ ನಿಲ್ಲಿಸಲು ಹುಟ್ಟಿದ ಸಂಸ್ಥೆ ಆಮೇಲೆ ಪಾರ್ಕನ್ನು 49 ವಲಯಗಳಾಗಿ ಹಂಚಿ, ಒಂದೊಂದು ವಲಯಕ್ಕೆ ಸಂಬಳದ ತೋಟಗಾರರೊಬ್ಬರನ್ನು ಹೊಣೆ ಮಾಡಿತು. ಸ್ವಯಂಸೇವಕರು ಕೆಲಸ ಮಾಡಿದ್ದು ಅವರ ಕೈಕೆಳಗೆ. ಅಲ್ಲಿ ಸಂಬಳದ ಕೈ ಕಡಿಮೆಯಾಗಲಿಲ್ಲ, ಆ ಕೈಗೆ ಮರ್ಯಾದೆ ಹೆಚ್ಚಿತು. ಲಾಲ್‌ಬಾಗಿನ 240 ಎಕರೆಯಲ್ಲಿ ಹೀಗೆ ಒಂದೊಂದು ಪಟ್ಟಿಗೆ ಒಬ್ಬ ಮಾಲಿ ಗುರುವಾಗಿ ನಿಂತರೆ, ದಾಸವಾಳದ ಕಣ್ಣಿಗೆ ಹಿಟ್ಟುತಿಗಣೆ ಯಾವಾಗ ಹತ್ತುತ್ತದೆ, ಅದಕ್ಕೂ ಇರುವೆಗೂ ಏನು ನಂಟು, ಎಲೆ ಉದುರಿದ ಮರದಲ್ಲಿ ಬಂದಳಿಕೆಯನ್ನು ಹೇಗೆ ಗುರುತಿಸುವುದು ಎಂಬ ತಿಳಿವಳಿಕೆ ಅವರ ನಿವೃತ್ತಿಯ ಜೊತೆ ಮನೆಗೆ ಹೋಗದೆ ತೋಟದಲ್ಲಿ ಉಳಿದೀತು.

ಇದೆಲ್ಲ ಹೊಟ್ಟೆ ತುಂಬಿದವರ, ಪಿಂಚಣಿ ಬರುವವರ ಹವ್ಯಾಸ ಎಂಬ ಮಾತೂ ಕೇಳುತ್ತದೆ. ಅರ್ಧ ನಿಜ. ಪ್ರತಿ ವಾರ ಎರಡು ತಾಸು ಬಿಡುವು ಮಾಡಿಕೊಳ್ಳುವುದು ದಿನಗೂಲಿಯವರಿಗೆ ಆಗದು. ಆದರೆ ನಮ್ಮ ಕಾಲೇಜುಗಳಲ್ಲಿ 1969ರಿಂದ ರಾಷ್ಟ್ರೀಯ ಸೇವಾ ಯೋಜನೆ ಇದೆ. ಅದಕ್ಕೆ ಸೇರಿದ ವಿದ್ಯಾರ್ಥಿ ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷ ಸೇವೆ ಸಲ್ಲಿಸಬೇಕು. 120 ಗಂಟೆಯನ್ನು 52 ವಾರಗಳಿಗೆ ಹಂಚಿದರೆ ವಾರಕ್ಕೆ ಎರಡು ಗಂಟೆಗೂ ಮಿಗುತ್ತದೆ. ಸರ್ಕಾರಿ ಕಾಲೇಜಿನ ಹುಡುಗ ಹುಡುಗಿಯರೂ ಇದರಲ್ಲಿದ್ದಾರೆ, ಹಳ್ಳಿಯಿಂದ ಬಂದು ಹಾಸ್ಟೆಲಿನಲ್ಲಿ ಇರುವವರಿದ್ದಾರೆ, ಗುದ್ದಲಿ ಹಿಡಿದು ಗೊತ್ತಿರುವವರಿದ್ದಾರೆ. ಹೊಸದಾಗಿ ಏನೂ ಕಟ್ಟಬೇಕಿಲ್ಲ. ಶಿಬಿರಗಳಲ್ಲಿ ರಾಶಿಯಾಗಿ ಖರ್ಚಾಗುವ ಗಂಟೆಗಳಲ್ಲಿ ಒಂದು ಪಾಲನ್ನು ಊರಿನ ಉದ್ಯಾನಕ್ಕೆ ಬಿಡಿಬಿಡಿಯಾಗಿ ಹಂಚಬೇಕು. ಬಿ.ಎಸ್ಸಿ. ಸಸ್ಯಶಾಸ್ತ್ರ ಓದುವವರಿಗಂತೂ ಎರಡು ವರ್ಷ ಒಂದೇ ಮರವನ್ನು ನೋಡಿದ ನೋಟುಬುಕ್ಕು ಯಾವ ಹರ್ಬೇರಿಯಂ ಹಾಳೆಗೂ ಕಡಿಮೆಯಲ್ಲ.

ತೆರಿಗೆ ಕಟ್ಟುತ್ತೇವೆ, ತೋಟ ನೋಡಿಕೊಳ್ಳುವುದು ಸರ್ಕಾರದ ಕೆಲಸ ಎನ್ನುವವರಿಗೆ ನಾನು ಹೇಳುವುದಿಷ್ಟೇ: ಹೌದು, ಸರ್ಕಾರದ್ದೇ. ಲಾಲ್‌ಬಾಗು, ಕಬ್ಬನ್ ಪಾರ್ಕುಗಳಿಗೆ 1975ರಿಂದ ಉದ್ಯಾನ ಸಂರಕ್ಷಣೆಯ ಕಾನೂನಿನ ಕಾವಲೂ ಇದೆ. ಕಾನೂನು ಇರುವುದರಿಂದ ತೋಟ ತಾನಾಗಿ ಉಳಿಯುವುದಿಲ್ಲ. 2009ರಲ್ಲಿ ಮೆಟ್ರೊ ಮಾರ್ಗಕ್ಕಾಗಿ ಲಾಲ್‌ಬಾಗಿನ ಅಂಚಿನ ಮರಗಳಿಗೆ ಕೊಡಲಿ ಬಿದ್ದಾಗ ಜನ ಬೀದಿಗಿಳಿದು ಕೇಳಿದರು. ಅಂಥ ಹೊತ್ತಿನಲ್ಲಿ ಬರೀ ಪ್ರೀತಿಯಿಂದ ಮಾತಾಡುವವರಿಗೂ ತಿಳಿದು ಮಾತಾಡುವವರಿಗೂ ಅಂತರವಿದೆ. ಈ ಮರದ ವಯಸ್ಸೆಷ್ಟು, ಇದರ ಪೊಟರೆಯಲ್ಲಿ ಯಾವ ತಿಂಗಳು ಗಿಳಿ ಮರಿ ಮಾಡುತ್ತದೆ, ಇದನ್ನು ಕಿತ್ತು ಬೇರೆಡೆ ನೆಟ್ಟರೆ ಬದುಕೀತೇ ಎಂಬ ಪ್ರಶ್ನೆಗಳಿಗೆ ಬರವಣಿಗೆಯ ಪುರಾವೆ ಕೊಡಬಲ್ಲವರು ಯಾವ ಅಧಿಕಾರಿಯ ಮುಂದೆಯೂ ಗಟ್ಟಿಯಾಗಿ ನಿಲ್ಲಬಲ್ಲರು. ಸರ್ಕಾರ ತನ್ನ ಕೆಲಸ ಮಾಡಿತೇ ಎಂದು ಕೇಳಲು ಕೂಡ ಅದು ಮಾಡಿದ್ದನ್ನು, ಬಿಟ್ಟದ್ದನ್ನು ದಿನದಿನ ಕಂಡವರಿರಬೇಕು.

ಕೊನೆಗೆ ಉಳಿಯುವ ತೊಡಕು ಜನ ಬರುವುದನ್ನು ನಿಲ್ಲಿಸುತ್ತಾರೆ ಎಂಬುದು. ಅದು ನಿಜವೇ, ಮಾರ್ಚ್ ತಿಂಗಳ ಪರೀಕ್ಷೆ, ಮೇ ತಿಂಗಳ ಮದುವೆ, ಮಳೆಗಾಲದ ಕೆಸರು, ಎಲ್ಲಕ್ಕೂ ಕಾರಣವಿರುತ್ತದೆ. ಇದಕ್ಕೆ ನಾನು ಕಾಣುವ ಉಪಾಯ ಎರಡು. ವರ್ಷವನ್ನು ಜೂನಿನಿಂದ ಶುರು ಮಾಡುವ ರೂಢಿ ಬಿಡಬೇಕು. ಮಳೆಗೆ ಎಲ್ಲವೂ ಹಸಿರಾಗಿರುವಾಗ ಬಂದವರಿಗೆ ತಮ್ಮ ಅಗತ್ಯ ಅರಿವಾಗುವುದಿಲ್ಲ. ಕಾರ್ತಿಕ ಕಳೆದು ನೆಲ ಬಿರಿಯಲು ತೊಡಗುವಾಗ, ಪಾತಿ ಕಟ್ಟುವ ಕೆಲಸದಿಂದ ಮೊದಲಿಟ್ಟವರಿಗೆ ಮುಂದಿನ ಮಳೆಯವರೆಗೆ ಕಾಯುವ ಕಾರಣ ಇರುತ್ತದೆ. ಎರಡನೆಯದು, ಒಂದು ಮೂಲೆಗೆ ಒಬ್ಬರ ಬದಲು ಮೂವರನ್ನು ಸೇರಿಸಬೇಕು, ಒಬ್ಬರು ತಪ್ಪಿದ ವಾರ ಇನ್ನೊಬ್ಬರು ಬರುವಂತೆ. ನೋಟುಬುಕ್ಕು ಯಾರ ಮನೆಗೂ ಹೋಗಬಾರದು. ಅದು ಸನಿಕೆ, ಕತ್ತರಿ, ನೀರಿನ ಪೈಪು ಇಡುವ ಮಾಲಿಯ ಕೊಠಡಿಯಲ್ಲೇ ಇರಬೇಕು, ಮಾಲಿಯೂ ಅದರಲ್ಲಿ ತನಗೆ ಕಂಡದ್ದನ್ನು ಬರೆಯಬೇಕು ಅಥವಾ ಹೇಳಿ ಬರೆಸಬೇಕು. ಆಗ ಬಿಟ್ಟು ಹೋದವರ ಜಾಗಕ್ಕೆ ಬಂದವರು ಮೊದಲ ಪುಟದಿಂದ ಆರಂಭಿಸಬೇಕಾಗುವುದಿಲ್ಲ. ಹೋದ ವರ್ಷ ಇದೇ ವಾರ ಈ ಜಕರಂಡದಲ್ಲಿ ಮೊಗ್ಗಿತ್ತೇ ಇಲ್ಲವೇ ಎಂದು ಹಾಳೆ ತಿರುಗಿಸಿ ನೋಡಬಹುದು.