ಟಾಕಿಯೊಳಗಿನ ನೀರು

ಹೋದ ವಾರ ಗದಗಿನಿಂದ ಅಣ್ಣನ ಮಗ ಫೋನ್ ಮಾಡಿದ್ದ. ಆರಾಮ ಅದೀರಿ, ಮಳಿ ಆತೇನು, ಕಾಕು ಮೊಣಕಾಲು ಹ್ಯಾಂಗೈತಿ ಎಲ್ಲ ಮುಗಿದ ಮೇಲೆ ಮೆಲ್ಲಗೆ ವಿಷಯಕ್ಕೆ ಬಂದ.

"ಕಾಕಾ, ಪಂಕ್ಚರ್ ಅಂಗಡಿಗೆ ಒಂದು ಕಂಪ್ರೆಸರ್ ತೊಗೊಂಡೇನಿ. ಸೆಕೆಂಡ್ ಹ್ಯಾಂಡ್. ಎರಡು ಎಚ್‌ಪಿ, ಗಾಲಿ ಅದಾವು, ಎಲ್ಲಿ ಬೇಕಲ್ಲಿ ಎಳಕೊಂಡು ಹೋಗಬಹುದು."

"ಚಲೋ ಆತಲ್ಲ."

"ಹೂಂ. ಒಂದು ಸಣ್ಣ ತೊಂದರಿ ಐತಿ. ಟಾಕಿ ಕೆಳಗ ಸೂಜಿ ಮೊನಿಯಷ್ಟು ತೂತು. ಸುಂಯ್ ಅಂತ ಹವಾ ಹೋಗತೈತಿ. ನಾಳೆ ವೆಲ್ಡಿಂಗ್ ಹೊಡಸ್ತೇನಿ."

ಕೂತಿದ್ದವನು ಎದ್ದು ನಿಂತೆ. ನನ್ನ ಹೆಂಡತಿ ಅಡುಗೆಮನೆಯಿಂದ ಇಣುಕಿ ನೋಡಿದಳು, ಅಷ್ಟು ಜೋರಾಗಿ ಕೂಗಿದ್ದೆನಂತೆ.

ಪುಣೆಗೆ ಬಂದ ಹೊಸದರಲ್ಲಿ ನಾನು ಭೋಸರಿಯ ಒಂದು ಸಣ್ಣ ವರ್ಕ್‌ಶಾಪ್ ಸೇರಿದ್ದೆ. ನಾಲ್ಕು ಲೇಥ್, ಎರಡು ಡ್ರಿಲ್, ಒಂದು ಪೇಂಟ್ ಮೂಲೆ, ಮತ್ತು ಗಾಲಿಯ ಮೇಲೆ ಕೂತ ಒಂದು ಹಳೇ ಕಂಪ್ರೆಸರ್. ಪೇಂಟ್ ಹೊಡೆಯಲಿಕ್ಕೂ ಅದೇ, ಮಾಲೀಕರ ಸ್ಕೂಟರಿಗೆ ಹವಾ ಹಾಕಲಿಕ್ಕೂ ಅದೇ. ನಮ್ಮ ಫೋರ್‌ಮನ್ ಒಬ್ಬರು ಮರಾಠಿ ಹಿರಿಯರು, ಎಲ್ಲರಿಗೂ ಕಾಕಾ. ದಿನಾ ಸಂಜೆ ಅಂಗಿ ಬದಲಿಸುವ ಮುಂಚೆ ಒಂದೇ ಪ್ರಶ್ನೆ: "ಪಾಣೀ ಕಾಢ್ಲಂ ಕಾ?" ನೀರು ತೆಗೆದೆಯಾ?

ಗಾಳಿಯ ಯಂತ್ರದಲ್ಲಿ ನೀರೆಲ್ಲಿಂದ ಬಂತು ಅಂತ ನಾನೂ ಮೊದಮೊದಲು ನಕ್ಕಿದ್ದೆ. ನೋಡಿ, ಮೀಟರ್ ಎಂಟು ಬಾರ್ ತೋರಿಸುತ್ತಿದೆ ಅಂದರೆ ಸುಮಾರು ಒಂಬತ್ತು ಟಾಕಿ ತುಂಬುವಷ್ಟು ಹೊರಗಿನ ಗಾಳಿಯನ್ನು ಒಂದೇ ಟಾಕಿಗೆ ತುರುಕಿದ್ದೀರಿ. ಆ ಗಾಳಿಯ ಜೊತೆ ಅದರ ತೇವವೂ ಒಳಗೆ ಬರುತ್ತದೆ. ಒತ್ತುವಾಗ ಬಿಸಿಯಾದ ಗಾಳಿ ಟಾಕಿಯಲ್ಲಿ ತಣ್ಣಗಾದಾಗ ಅಷ್ಟೂ ತೇವ ಆವಿಯಾಗಿ ಉಳಿಯಲಾರದು, ನೀರಾಗಿ ತಳ ಸೇರುತ್ತದೆ. ಪುಣೆಯ ಮಳೆಗಾಲದಲ್ಲಿ ಕೆಳಗಿನ ಕಾಕ್ ತಿರುವಿದರೆ ಚಹಾ ಚೆಲ್ಲಿದ ಹಾಗೆ ಕಂದು ನೀರು ಬರುತ್ತಿತ್ತು. ಆ ಬಣ್ಣ ಟಾಕಿಯದೇ. ತುಕ್ಕು ಹಿಡಿದ ಕಬ್ಬಿಣ ಕರಗಿ ಬರುತ್ತಿತ್ತು. ಹೊರಗಡೆ ನೀಲಿ ಪೇಂಟ್ ಮಾತ್ರ ಫಳಫಳ.

ಗಾಲಿ ಇರುವ ಯಂತ್ರದ ಇನ್ನೊಂದು ಕಿತಾಪತಿ ಅಂದರೆ ಅದು ಎಲ್ಲೆಂದರಲ್ಲಿ ಓರೆಯಾಗಿ ನಿಲ್ಲುತ್ತದೆ. ನೀರು ಒಂದು ಮೂಲೆಯಲ್ಲಿ, ಕಾಕ್ ಇನ್ನೊಂದು ಕಡೆ. ಕಾಕಾ ಯಂತ್ರ ಬಂದ್ ಮಾಡಿ, ಒತ್ತಡ ಇಳಿಸಿ, ಸ್ವಲ್ಪವೇ ಹವಾ ಉಳಿಸಿಕೊಂಡು, ಕಾಕ್ ಕಡೆಗೆ ವಾಲಿಸಿ ಕೊನೇ ಹನಿಯವರೆಗೆ ತೆಗೆಸುತ್ತಿದ್ದರು. ಎರಡು ನಿಮಿಷದ ಕೆಲಸ.

1995ರಲ್ಲಿ ಕಾಕಾ ರಿಟೈರ್ ಆದರು. ನಾನು ಸೂಪರ್‌ವೈಸರ್ ಆದೆ. ಕಾಕಿನ ಹಿಡಿಕೆ ಮುರಿಯಿತು, ನಾಳೆ ಹಾಕಿಸೋಣ ಅಂತ ಬಿಟ್ಟೆ. ಸಂಜೆಯ ಪ್ರಶ್ನೆ ಕೇಳುವವರು ಯಾರೂ ಇರಲಿಲ್ಲ. ಮರುವರ್ಷ ಮಳೆಗಾಲದಲ್ಲಿ ಟಾಕಿಯ ತಳದಲ್ಲಿ ಸೂಜಿ ಮೊನೆಯಷ್ಟು ತೂತು ಬಿತ್ತು. ಆರ್ಡರ್ ಕಳಿಸುವ ಗಡಿಬಿಡಿ. ಮಾಲೀಕರು ನನ್ನ ಮುಖ ನೋಡಿದರು. "ವೆಲ್ಡಿಂಗ್ ಮಾಡಿಸಿದ್ರೆ ಆಗುತ್ತೆ ಸಾಹೇಬ್ರೇ" ಅಂದವನು ನಾನೇ. ಇದನ್ನು ಇವತ್ತಿಗೂ ಬೇರೆಯವರ ಮೇಲೆ ಹಾಕಲಾರೆ.

ಆಗ ನನಗೆ ತಿಳಿಯದೇ ಇದ್ದದ್ದು ಇಷ್ಟೆ. ತೂತು ಬಿದ್ದ ಜಾಗವೊಂದೇ ಕೆಟ್ಟಿರುವುದಿಲ್ಲ, ಅದು ಮೊದಲು ಸೋತ ಜಾಗ ಮಾತ್ರ. ಸುತ್ತಲಿನ ತಗಡೂ ಒಳಗಿನಿಂದ ಹಪ್ಪಳದಂತೆ ಸವೆದಿರುತ್ತದೆ. ಅದರ ಮೇಲೆ ವೆಲ್ಡಿಂಗ್ ಕಾವು ಬಿದ್ದರೆ ತೂತು ಮುಚ್ಚುತ್ತದೆ, ಅಂಚು ಇನ್ನಷ್ಟು ದುರ್ಬಲವಾಗುತ್ತದೆ. ಎಂಟು ಬಾರ್ ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ ಹೆಚ್ಚುಕಡಿಮೆ ಎಂಟು ಕಿಲೋ. ಅಂಗೈಯಗಲದ ಜಾಗದ ಮೇಲೆ ಒಂದು ಮಾರುತಿ ಕಾರು ನಿಂತಷ್ಟು ಭಾರ, ಒಳಗಿನಿಂದ ಹೊರಕ್ಕೆ.

ಐದು ವಾರ ತಡೆಯಿತು. ಗಣಪತಿ ಹಬ್ಬಕ್ಕೆ ಇನ್ನು ಮೂರು ದಿನ ಇತ್ತು. ನಾನು ಆಫೀಸ್ ಕೋಣೆಯಲ್ಲಿ ಚಲನ್ ಬರೆಯುತ್ತಿದ್ದೆ. ಆ ಸದ್ದನ್ನು ವರ್ಣಿಸಲು ನನಗೆ ಬರುವುದಿಲ್ಲ. ಹೊರಗೆ ಬಂದು ನೋಡಿದರೆ ಮೇಲಿನ ಶೀಟ್ ಹಾರಿ ಆಕಾಶ ಕಾಣುತ್ತಿತ್ತು, ಕಂಪ್ರೆಸರ್ ಗೋಡೆಗೆ ಬಡಿದು ಬಿದ್ದಿತ್ತು, ಟಾಕಿ ವೆಲ್ಡಿಂಗಿನ ಅಂಚಿನಗುಂಟ ಬಾಯಿ ತೆರೆದಿತ್ತು. ಎಂಟು ಹತ್ತು ಅಡಿ ದೂರದಲ್ಲಿ ಡ್ರಿಲ್ ಮಶೀನ್ ಹತ್ತಿರ ವಿಜಾಪುರದ ಕಡೆಯ ಹುಡುಗ. ಅವರ ಅಪ್ಪನ ಕೈಗೆ "ನಾನದೀನಲ್ಲ" ಅಂತ ಮಾತು ಕೊಟ್ಟು ನಾನೇ ಕರೆತಂದಿದ್ದವನು. ರಕ್ತ ಇಲ್ಲ, ಏನಿಲ್ಲ, ಸುಮ್ಮನೆ ನಿಂತಿದ್ದ. ನಾನು ಹೆಸರು ಹಿಡಿದು ಕೂಗುತ್ತಿದ್ದೆ, ಅವನು ನನ್ನ ತುಟಿ ನೋಡುತ್ತಿದ್ದ. ಬಲಗಿವಿ ತಿಂಗಳೊಪ್ಪತ್ತಿನಲ್ಲಿ ಸರಿಹೋಯಿತು. ಎಡಗಿವಿ ಹೋಗಿಯೇ ಹೋಯಿತು.

ಇದಿಷ್ಟನ್ನೂ ಅಣ್ಣನ ಮಗನಿಗೆ ಹೇಳಿದೆ. ಹೆಸರಾಂತ ಉಡಾಳ, ಆದರೆ ಆವತ್ತು ನಡುವೆ ಮಾತಾಡಲಿಲ್ಲ. ಹೊಸ ಟಾಕಿಯನ್ನೇ ಹಾಕಿಸು, ಟೆಸ್ಟ್ ಆದದ್ದು ಹೌದೋ ಅಲ್ಲವೋ ಕೇಳು ಅಂದೆ. ಸಾಮಾನ್ಯವಾಗಿ ಕೆಲಸದ ಒತ್ತಡದ ಒಂದೂವರೆ ಪಟ್ಟು ಏರಿಸಿ ನೋಡುತ್ತಾರೆ, ಅದೂ ನೀರು ತುಂಬಿ. ನೀರು ಗಾಳಿಯ ಹಾಗೆ ಕುಗ್ಗಿ ಕೂರುವುದಿಲ್ಲ, ಟಾಕಿ ಸೀಳಿದರೂ ಸಿಡಿಯುವುದಿಲ್ಲ.

ಬಾಯಿ ತೆರೆದ ಮೇಲೆ ನನಗೆ ನಿಲ್ಲಿಸಲಿಕ್ಕೆ ಬರುವುದಿಲ್ಲ ಅಂತ ಮನೆಯವರ ದೂರು. ಸೇಫ್ಟಿ ವಾಲ್ವಿನ ಉಂಗುರವನ್ನು ಆಗಾಗ ಎಳೆದು ನೋಡು, ಸೋರುತ್ತದೆ ಅಂತ ಅದರ ಜಾಗಕ್ಕೆ ಬೋಲ್ಟ್ ಜಡಿದರೆ ನಿನ್ನನ್ನು ಮಾತಾಡಿಸುವುದಿಲ್ಲ ಅಂದೆ. ಎಣ್ಣೆ ಗಾಜಿನ ನಡುವಿನವರೆಗೆ ಇರಲಿ. ಬೆಲ್ಟಿನ ಜಾಳಿಗೆ ತೆಗೆದು ಓಡಿಸಬೇಡ. ದೂರ ಬೇಕಾದರೆ ಹವಾ ಪೈಪ್ ಉದ್ದ ಮಾಡು, ಕರೆಂಟಿನ ಸಣ್ಣ ವಯರ್ ಉದ್ದ ಮಾಡಿದರೆ ಮೋಟರ್ ಸುಡುತ್ತದೆ. ಪೈಪ್ ಬಿಚ್ಚುವ ಮುಂಚೆ ಅದರೊಳಗಿನ ಹವಾ ಬಿಡು. ಆಮೇಲೆ ಮುಖ್ಯವಾದ ಇನ್ನೊಂದು. ಸಂಜೆ ಮೈಮೇಲಿನ ಧೂಳು ಹಾರಿಸಲಿಕ್ಕೆ ಹುಡುಗರು ಪೈಪ್ ತಿರುಗಿಸಿಕೊಳ್ಳುತ್ತಾರೆ, ಒಬ್ಬರಿಗೊಬ್ಬರು ತಮಾಷೆಗೆ ಹಿಡಿಯುತ್ತಾರೆ. ಆ ತಮಾಷೆಯಲ್ಲಿ ಗಾಳಿ ಹೊಟ್ಟೆ ಹೊಕ್ಕು ಕರುಳು ಹರಿದು ಸತ್ತವರ ಸುದ್ದಿ ಪೇಪರಿನಲ್ಲಿ ಇಂದಿಗೂ ಬರುತ್ತದೆ. ಅಂಗಡಿಯಲ್ಲಿ ಕೆಲಸಕ್ಕೆ ಒಬ್ಬ ಹುಡುಗನನ್ನು ಇಟ್ಟುಕೊಂಡಿದ್ದೀಯಲ್ಲ, ಮೊದಲ ದಿನವೇ ಅವನಿಗೆ ಇದನ್ನು ಹೇಳು ಅಂದೆ.

"ಆತು ಕಾಕಾ" ಅಂದ. ಟಾಕಿಗೆ ಆರು ಸಾವಿರ ಹೋಯಿತು ಅಂತ ಎರಡು ದಿನ ಮುನಿಸಿಕೊಂಡಿದ್ದ ಅಂತ ಅತ್ತಿಗೆ ಹೇಳಿದರು.

ವಿಜಾಪುರದ ಆ ಹುಡುಗ (ಈಗ ಅವನಿಗೇ ಮೊಮ್ಮಗಳಿದ್ದಾಳೆ) ಪ್ರತಿ ದೀಪಾವಳಿಗೆ ಫೋನ್ ಮಾಡುತ್ತಾನೆ. ಒಮ್ಮೆಯೂ ಆ ವಿಷಯ ಎತ್ತಿಲ್ಲ. "ತಡೀರಿ ಸರ್, ಈ ಕಡೆ ಹಿಡಕೋತೇನಿ" ಅಂತ ಫೋನನ್ನು ಬಲಗಿವಿಗೆ ಬದಲಾಯಿಸುವಷ್ಟು ಹೊತ್ತು ನಾನು ಈ ಕಡೆ ಸುಮ್ಮನೆ ಕಾಯುತ್ತೇನೆ.

ನಿನ್ನೆ ರಾತ್ರಿ ಒಂಬತ್ತಕ್ಕೆ ವಾಟ್ಸಾಪಿನಲ್ಲಿ ಗದಗಿನಿಂದ ಫೋಟೊ ಬಂತು. ಸಿಮೆಂಟ್ ನೆಲದ ಮೇಲೆ ಅಂಗೈಯಷ್ಟು ಒದ್ದೆ, ಪಕ್ಕದಲ್ಲಿ ಕಂಪ್ರೆಸರಿನ ಗಾಲಿ. ಕೆಳಗೆ ಅವನು ಬರೆದಿದ್ದ, "ಕಾಕಾ, ನೀರು ತೆಗದೆ."