ನಂದಿ ಏರುವ ಸೈಕಲ್ಲು

ಭಾನುವಾರ ನಸುಕಿಗೇ ನಂದಿಬೆಟ್ಟದ ತಿರುವುಗಳಲ್ಲಿ ಸೈಕಲ್ ಸವಾರರ ಸಾಲು. 1,478 ಮೀಟರ್ ಎತ್ತರದ ಈ ಗಿರಿಧಾಮ ಕಾಲಿಗೂ ಸೈಕಲ್ಲಿಗೂ ಪರೀಕ್ಷೆಯೇ ಸರಿ. ಇರುವ ಅಲ್ಪ ಹಣವನ್ನು ಸೈಕಲ್ಲಿನ ಯಾವ ಭಾಗಕ್ಕೆ ಹಾಕಬೇಕು?

50 ಕಿಲೋ ತೂಕದ ಹುಡುಗ, 20 ಕಿಲೋ ಸೈಕಲ್ಲು ಎಂದಿಟ್ಟುಕೊಳ್ಳಿ. ದುಬಾರಿ ಬಿಡಿಭಾಗ ಹಾಕಿಸಿ ಒಂದು ಕಿಲೋ ಇಳಿಸಿದರೂ ಏರಿನಲ್ಲಿ ಉಳಿಯುವ ಶ್ರಮ ಸುಮಾರು ಶೇ. 1.4 ಮಾತ್ರ. ಅದೇ, ಹಿಂದಿನ 18 ಹಲ್ಲಿನ ಫ್ರೀವೀಲ್ ತೆಗೆದು 22 ಹಲ್ಲಿನದನ್ನು ಹಾಕಿಸಿದರೆ ಪೆಡಲ್ ಒತ್ತಲು ಸುಮಾರು ಶೇ. 18ರಷ್ಟು ಕಡಿಮೆ ಬಲ ಸಾಕು. ತುಳಿತ ಮಾತ್ರ ಹೆಚ್ಚು.

ಆದರೆ ಹತ್ತಿದ ಬೆಟ್ಟವನ್ನು ಇಳಿಯಲೇಬೇಕಲ್ಲ! ಪಾಲಕರು ಮೊದಲ ಹಣವನ್ನು ಸವೆದ ಬ್ರೇಕ್ ರಬ್ಬರ್ ಬದಲಿಸಲು ಕೊಡಲಿ. ಫ್ರೀವೀಲ್ ಆಮೇಲೆ.